ಮೇಷ್ಟ್ರಿಗೆ ಗೊತ್ತಿಲ್ಲದ ಪದ

"ಆಂಬ್ಯುಲೆನ್ಸ್ ಅಂದ್ರೆ ನಡೆಯೋ ಆಸ್ಪತ್ರೆ ಅಂತ," ಎಂದರು ಮೇಷ್ಟ್ರು, ಯಾರೂ ಕೇಳದೆಯೇ. "ಫ್ರೆಂಚರ ಮಾತು ಅದು. ಸೈನ್ಯ ಯುದ್ಧಕ್ಕೆ ಹೋದ್ರೆ ಹಿಂದೆ ಹಿಂದೆ ಆಸ್ಪತ್ರೆನೂ ಹೋಗ್ತಿತ್ತು. ಈಗ ಗಾಡಿ ಎಷ್ಟು ಜೋರಾಗಿ ಓಡಿದ್ರೂ ಹೆಸರಲ್ಲಿ ಮಾತ್ರ ಇನ್ನೂ ನಡೀತಾನೇ ಇದೆ."

ಪಕ್ಕದಲ್ಲಿದ್ದ ಅವರ ಹೆಂಡತಿ ಕೈಚೀಲದ ಜಿಪ್ಪನ್ನು ಎಳೆದು ಮುಚ್ಚಿದರು. ಮತ್ತೆ ತೆರೆದರು. ಹೋದ ವಾರ ಇದೇ ಆಸ್ಪತ್ರೆಯಲ್ಲಿ ಅವರ ಕಂಕುಳ ಹತ್ತಿರದ ಗಂಟಿಗೆ ಸೂಜಿ ಚುಚ್ಚಿ ಚೂರು ತೆಗೆದಿದ್ದರು. ಅದು ಏನೆಂದು ಇವತ್ತು ಡಾಕ್ಟರು ಹೇಳಬೇಕಿತ್ತು. ಒಳಗಿನ ಕೋಣೆಯ ಬಾಗಿಲು ತೆರೆದಾಗಲೆಲ್ಲ ಆಕೆ ಕುರ್ಚಿಯ ತುದಿಗೆ ಸರಿಯುತ್ತಿದ್ದರು. ಈ ಮನುಷ್ಯನಿಗೆ ಮಾತ್ರ ಪಾಠ. ಇಂಗ್ಲಿಷ್ ಮೇಷ್ಟ್ರ ಕೆಲಸದಿಂದ ನಿವೃತ್ತರಾದರೂ ಬಾಯಿಗೆ ನಿವೃತ್ತಿ ಇಲ್ಲ.

"ಸ್ವಲ್ಪ ಸುಮ್ನಿರ್ರೀ. ಎಲ್ರಿಗೂ ಅವರವರ ಯೋಚನೆ ಇರುತ್ತೆ."

"ಇರ್ಲಿ ಬಿಡಿ ಅಮ್ಮ," ಎಂದಳು ಎದುರು ಕುರ್ಚಿಯ ಹೆಂಗಸು. ನಲವತ್ತರ ಆಸುಪಾಸಿನವಳು, ಒಬ್ಬಳೇ ಬಂದಿದ್ದಳು. "ಗೋಡೆ ನೋಡಿ ನೋಡಿ ಸಾಕಾಗಿದೆ. ನಾನು ಟೈಲರ್, ಮೇಷ್ಟ್ರೇ. ನಮ್ಮ ಹೆಸರಿಗೂ ಏನಾದ್ರೂ ಕತೆ ಇದ್ಯಾ?"

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. "ಇಲ್ದೆ ಏನು? ಅದೂ ಫ್ರೆಂಚಿಂದ ಬಂದಿದ್ದೇ. ಕತ್ತರಿಸೋರು ಅಂತ ಅರ್ಥ. ಹೊಲಿಗೆ ಸುದ್ದಿನೇ ಇಲ್ಲ ಅದ್ರಲ್ಲಿ."

"ಸರಿಯಾಗೇ ಇದೆ. ಹೊಲಿದಿದ್ದು ತಪ್ಪಿದ್ರೆ ಬಿಚ್ಚಬಹುದು. ಕತ್ತರಿಸಿದ್ದು ಹೋಯ್ತು ಅಂದ್ರೆ ಹೋಯ್ತು. ಜೀನ್ಸ್?"

"ಇಟಲಿಯಲ್ಲಿ ಜಿನೋವಾ ಅಂತ ಒಂದು ಬಂದರು. ಅಲ್ಲಿಂದ ಬಂದ ಬಟ್ಟೆ. ಡೆನಿಮ್ ಅಂದ್ರೆ ಫ್ರಾನ್ಸಿನ ನೀಮ್ ಅನ್ನೋ ಊರಿಂದು."

"ನೋಡಿ ಮತ್ತೆ. ಎರಡು ಊರಿನ ಪ್ಯಾಂಟಿನ ಮಂಡಿಗೆ ದಿನಾ ತೇಪೆ ಹಾಕ್ತಿದೀನಿ, ಒಂದು ಸಲನೂ ಹೋಗಿ ನೋಡಿಲ್ಲ."

ಮೇಷ್ಟ್ರು ನಕ್ಕರು. ಅಷ್ಟರಲ್ಲಿ ಬಾಗಿಲು ತೆರೆಯಿತು. ನರ್ಸ್ ಬೇರೆ ಯಾರನ್ನೋ ಕರೆದಳು. ಅವರ ನಗು ಅಲ್ಲೇ ನಿಂತಿತು. ಆಗ ದರ್ಜಿ ಹೆಂಗಸು ಮತ್ತೆ ಕೇಳಿದಳು: "ಡಾಕ್ಟರ್ ಅಂದ್ರೆ?"

"ಹಾಂ? ಡಾಕ್ಟರ್... ಅದು ಲ್ಯಾಟಿನ್. ಮೂಲದಲ್ಲಿ ಡಾಕ್ಟರ್ ಅಂದ್ರೆ ಮೇಷ್ಟ್ರು. ಕಲಿಸೋನು."

"ಹಾಗಾದ್ರೆ ಒಳಗೆ ಹೋಗಿ ನನ್ನ ರಿಸಲ್ಟ್ ನೀವೇ ಹೇಳ್ಬಿಡಿ," ಎಂದರು ಹೆಂಡತಿ. ತಮಾಷೆಗೇ ಹೇಳಿದ್ದು. ಆದರೆ ಯಾರೂ ನಗಲಿಲ್ಲ.

ಆಕೆಗೆ ಆಗ ಒಂದು ವಿಷಯ ಹೊಳೆಯಿತು. ಬಾಗಿಲು ತೆರೆದಾಗಲೆಲ್ಲ ಮೇಷ್ಟ್ರು ತಡವರಿಸುತ್ತಿದ್ದರು. ಆಗೆಲ್ಲ ಈ ಹೆಂಗಸು ಬಾವಿಗೆ ಕೊಡ ಇಳಿಬಿಟ್ಟಂತೆ ಒಂದು ಪ್ರಶ್ನೆ ಇಳಿಬಿಡುತ್ತಿದ್ದಳು. ಇವಳಿಗೆ ಬೇಕಾದದ್ದು ಪದಗಳ ಕತೆಯಲ್ಲ. ಎದುರಿಗಿರುವ ಮುದುಕ ಕುಸಿಯದಿರಲಿ ಎಂದು ಕೇಳುತ್ತಿದ್ದಾಳೆ. ಅದೂ ತನ್ನ ಸರದಿಗೆ ತಾನು ಒಬ್ಬಳೇ ಕಾಯುತ್ತ.

ದರ್ಜಿ ಹೆಂಗಸಿನ ಕಣ್ಣು ಬಾಗಿಲ ಮೇಲಿನ ಬೋರ್ಡಿಗೆ ಹೋಯಿತು. ಈ ಸಲ ಅವಳ ದನಿ ಸಣ್ಣದಾಗಿತ್ತು.

"ಮೇಷ್ಟ್ರೇ, ಅಲ್ಲಿ ಬರೆದಿದ್ದಾರಲ್ಲ, ಕ್ಯಾನ್ಸರ್ ಅಂತ. ಅದು ಎಲ್ಲಿಂದ ಬಂತು?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಅದಾ? ಅದು ನಂಗೆ ಗೊತ್ತಿಲ್ಲಮ್ಮ."

ಹೆಂಡತಿ ಥಟ್ಟನೆ ಗಂಡನತ್ತ ತಿರುಗಿದರು. ಮೇಷ್ಟ್ರಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ತಮ್ಮ ಅಕ್ಕ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಅವರೇ ಹೇಳಿದ್ದರು: ಲ್ಯಾಟಿನ್‌ನಲ್ಲಿ ಅದಕ್ಕೆ ಏಡಿ ಎಂದರ್ಥ, ಗಂಟಿನ ಸುತ್ತ ಉಬ್ಬಿದ ನರಗಳು ಹಳೆಯ ಕಾಲದ ವೈದ್ಯರಿಗೆ ಏಡಿಯ ಕಾಲಿನಂತೆ ಕಂಡವು ಎಂದು. ಅಕ್ಕ ಹೋದ ಮೇಲೆ ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಆದರೆ ಯಾವ ಪದಕ್ಕೂ ಅವರು ಗೊತ್ತಿಲ್ಲ ಎಂದದ್ದನ್ನು ಆಕೆ ಕೇಳಿರಲೇ ಇಲ್ಲ. ಗೊತ್ತಿಲ್ಲದಿದ್ದರೆ 'ನಾಳೆ ಹೇಳ್ತೀನಿ' ಎನ್ನುವ ಜಾತಿ ಅವರದು. ಈ ಸುಳ್ಳು ಆ ಹೆಂಗಸಿಗಾಗಿ ಹೇಳಿದ್ದೋ, ತನಗಾಗಿಯೋ? ತನಗಾಗಿ ಎಂದಾದರೆ, ಇವರು ಮನಸ್ಸಿನಲ್ಲೇ ಎಲ್ಲ ತೀರ್ಮಾನಿಸಿಬಿಟ್ಟಿದ್ದಾರೆಯೇ?

ನರ್ಸ್ ಕರೆದದ್ದು ಆಗಲೇ.

ಡಾಕ್ಟರು ಚಿಕ್ಕ ವಯಸ್ಸಿನವರು. ಕೂರಿಸಿ, ನೇರವಾಗಿಯೇ ಹೇಳಿದರು: ಬರೀ ಕೊಬ್ಬಿನ ಗಂಟು, ಹೆದರುವಂಥದ್ದು ಏನೂ ಇಲ್ಲ. ಮೇಷ್ಟ್ರು ಹಿಂದಿನ ಬೆಂಚಿನ ಹುಡುಗನಂತೆ, "ಇನ್ನೊಂದ್ಸಲ ಹೇಳ್ತೀರಾ?" ಎಂದರು. ಡಾಕ್ಟರು ಬೇಸರವಿಲ್ಲದೆ ಇನ್ನೊಂದು ಸಲ ಹೇಳಿದರು.

ಹೊರಗೆ ಬರುತ್ತಲೇ ಮೇಷ್ಟ್ರು ಮಗಳಿಗೆ ಹೇಳಲು ಫೋನ್ ತೆಗೆದರು. ಹೆಂಡತಿ ಅವರ ಮಣಿಕಟ್ಟು ಹಿಡಿದು ತಡೆದರು. ದರ್ಜಿ ಹೆಂಗಸು ಇಬ್ಬರ ಮುಖವನ್ನೂ ನೋಡಿದಳು.

"ಒಳ್ಳೇದಾಯ್ತಲ್ಲ, ಅಮ್ಮ?"

"ಹೂಂ." ಕಳ್ಳತನ ಮಾಡಿದವರ ಹಾಗೆ ಹೇಳಿದರು ಆಕೆ. "ನಿಮ್ಮ ಜೊತೆ ಯಾರೂ ಬಂದಿಲ್ವಾ?"

"ತಂಗಿನ ಅಂಗಡಿಯಲ್ಲಿ ಕೂರಿಸಿ ಬಂದೆ. ಇನ್ನೇನು, ನನ್ನದೇ ಸರದಿ. ನೀವು ಹೊರಡಿ."

ಹೆಂಡತಿ ಹೊರಡಲಿಲ್ಲ. ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತರು. ಮೇಷ್ಟ್ರು ಸ್ವಲ್ಪ ಹೊತ್ತು ನಿಂತೇ ಇದ್ದು, ಅವಳ ಇನ್ನೊಂದು ಪಕ್ಕದಲ್ಲಿ ಕುಳಿತರು. ಫೋನನ್ನು ಜೇಬಿಗೆ ಹಾಕಿಕೊಂಡರು.

ನರ್ಸ್ ಬಂದು ಕರೆದಾಗ ದರ್ಜಿ ಹೆಂಗಸು ಎದ್ದಳು. ಎದ್ದವಳು ಅಲ್ಲೇ ನಿಂತುಬಿಟ್ಟಳು.

"ನಡಿಯಮ್ಮ, ನಾನೂ ಬರ್ತೀನಿ," ಎಂದರು ಹೆಂಡತಿ. ಅವಳ ಚೀಲವನ್ನು ಅವಳ ಹೆಗಲಿನಿಂದ ಬಿಡಿಸಿ, ತಮ್ಮದನ್ನೂ ಸೇರಿಸಿ ಗಂಡನ ಕೈಗೆ ಕೊಟ್ಟರು.

ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವ ಮೊದಲು ಆಕೆ ಒಮ್ಮೆ ತಿರುಗಿ ನೋಡಿದರು. ಮೇಷ್ಟ್ರು ಆ ಎರಡು ಚೀಲಗಳನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಎರಡೂ ಕೈಯಿಂದ ಹಿಡಿದು, ಬಾಗಿಲನ್ನೇ ನೋಡುತ್ತ ಕುಳಿತಿದ್ದರು.