ಗುರುವಿನ ಹೆಸರು

“ಯಾರ ಹತ್ರ ಕಲಿತಿರಿ?”

ಚರ್ಚಿನ ಹಿಂಬದಿಯ ಕೋಣೆಯಲ್ಲಿ ಮೇಷ್ಟ್ರು ಹೀಗೆ ಕೇಳಿದಾಗ ಹೊಸ ಬೋಧಕನ ಚಹಾ ಕಪ್ಪು ಬಾಯಿಗೂ ಹೋಗದೆ ಕೆಳಗೂ ಇಳಿಯದೆ ನಡುವೆಯೇ ನಿಂತಿತು. ಆ ಚರ್ಚಿನ ಸಭೆಯ ಪದ್ಧತಿಯೇ ಹಾಗೆ. ಬೋಧಕನಾಗಲು ಬಂದವನು ಮೂರು ಭಾನುವಾರ ಬೈಬಲ್ ಓದಿ ಪ್ರಸಂಗ ಮಾಡಬೇಕು, ಕೊನೆಯ ದಿನ ಹಿರಿಯರಿಬ್ಬರು ಬಾಗಿಲು ಹಾಕಿಕೊಂಡು ಅವನ ಗುರುವಿನ ಹೆಸರು ಕೇಳಬೇಕು. ಹೆಸರು ಒಪ್ಪಿಗೆಯಾದರೆ ಕೆಲಸವೂ ಉಂಟು, ಚರ್ಚಿನ ಪಕ್ಕದ ಮನೆಯೂ ಉಂಟು. ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ಹೊರಗೆ ಬೆಂಚಿನ ಮೇಲೆ ಬೋಧಕನ ಬಸುರಿ ಹೆಂಡತಿ ಆ ಮನೆಯ ಕಿಟಕಿಗಳನ್ನೇ ನೋಡುತ್ತ ಕೂತಿದ್ದಳು.

ಒಬ್ಬ ಉಪದೇಶಕ ಏನು ಹೇಳಿದ ಎನ್ನುವುದಕ್ಕಿಂತ ಯಾರ ಜೊತೆ ವೇದಿಕೆ ಹತ್ತಿದ, ಯಾರ ಪುಸ್ತಕ ಕಂಕುಳಲ್ಲಿಟ್ಟುಕೊಂಡ ಎನ್ನುವುದೇ ಮೇಷ್ಟ್ರಿಗೆ ಮುಖ್ಯ. “ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು” ಎಂದು ವಾರಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಆದರೆ ಈ ಬೋಧಕನಿಗೆ ಅವರು ಮೊದಲ ಭಾನುವಾರವೇ ಮನಸೋತಿದ್ದರು. ಈ ದಿನವಂತೂ ಅವನು, ಪಾರ್ಶ್ವವಾಯು ರೋಗಿಯನ್ನು ಚಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಕಥೆ ಓದಿ, “ಈ ಕಥೆಯಲ್ಲಿ ಒಂದು ಮಾತೂ ಆಡದವರು ಯಾರು?” ಎಂದು ಕೇಳಿದ್ದ. ಚಾವಣಿ ಕಳೆದುಕೊಂಡ ಮನೆಯ ಯಜಮಾನ! ಇಡೀ ಸಭೆ ನಕ್ಕಿತ್ತು. ಆಮೇಲೆ ಆ ಯಜಮಾನನ ಮೌನದ ಬಗ್ಗೆ ಅವನು ಮಾತಾಡಿದಾಗ ಅದೇ ಸಭೆ ಮುಂದಕ್ಕೆ ಬಾಗಿ ಕೇಳಿತ್ತು. ಇವನೇ ಆಗಲಿ ದೇವರೇ ಎಂದು ಮೇಷ್ಟ್ರು ಕೂತಲ್ಲೇ ಬೇಡಿಕೊಂಡಿದ್ದರು.

“ಕಾಲೇಜಿನ ಹೆಸರು ಹೇಳಿದ್ರೆ ಸಾಕಪ್ಪ,” ಎಂದು ಇನ್ನೊಬ್ಬ ಹಿರಿಯರಾದ ನರ್ಸಮ್ಮ ಕಣ್ಣು ಮಿಟುಕಿಸಿದರು.

ಬೋಧಕ ಕಪ್ಪನ್ನು ಕೆಳಗಿಟ್ಟ. “ಕಾಲೇಜು ಆಮೇಲೆ ಅಮ್ಮ. ಬೈಬಲ್ ಓದೋದು ಕಲಿಸಿದ್ದು ಗಡ್ಡಪ್ಪನವರು.”

ನರ್ಸಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಗಡ್ಡಪ್ಪ ಒಂದು ಕಾಲದಲ್ಲಿ ಇದೇ ಸಭೆಯವನು, ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ. ಎಣ್ಣೆ ಮಾರಿ ರೋಗ ವಾಸಿಮಾಡುತ್ತೇನೆ ಎನ್ನುತ್ತಿದ್ದ ಒಬ್ಬ ಪ್ರಸಂಗಿಯ ಜೊತೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡಿದ್ದಕ್ಕೆ ಮೇಷ್ಟ್ರು, “ಅವನ ಸಂಗ ಬಿಡು, ಇಲ್ಲ ಸಭೆ ಬಿಡು” ಎಂದಿದ್ದರು. “ಆ ಎಣ್ಣೆ ನಾನೂ ಒಪ್ಪಲ್ಲ ಸರ್. ಆದ್ರೆ ನಾನೂ ಬಿಟ್ಟುಬಿಟ್ರೆ ಅವನಿಗೆ ಬುದ್ಧಿ ಹೇಳೋರು ಯಾರು?” ಎಂದ ಗಡ್ಡಪ್ಪ ಸಭೆ ಬಿಟ್ಟಿದ್ದ. ಅಂದಿನಿಂದ ಮೇಷ್ಟ್ರು ಅವನ ಹೆಸರೆತ್ತಿರಲಿಲ್ಲ. ಮರೆತಿದ್ದರು ಎಂದಲ್ಲ. ಮರೆಯಲಾಗದ್ದಕ್ಕೇ ಎತ್ತಿರಲಿಲ್ಲ.

“ಹಾಗಾದ್ರೆ ಆಗಲ್ಲ,” ಎಂದು ಮೇಷ್ಟ್ರು ಎದ್ದರು. ಎದ್ದವರಿಗೆ ಬಾಗಿಲ ಕಡೆ ಹೋಗಲು ಕಾಲು ಬರಲಿಲ್ಲ. “ಒಳ್ಳೇ ತಲೆ ನಿಮ್ಮದು. ಮಾತಾಡದೇ ಇರೋರು ಯಾರು ಅಂತ ಕೇಳಿದ್ರಲ್ಲ, ಅಂಥದ್ದೆಲ್ಲ ಸ್ವಂತ ಹೊಳೆಯುತ್ತೆ ನಿಮಗೆ. ಅವನ ಹತ್ರ ಯಾಕೆ ಹೋಗಿದ್ರಿ?”

“ಅದು ನನ್ನದಲ್ಲ ಸರ್, ಗಡ್ಡಪ್ಪನವರು ಕೇಳ್ತಿದ್ದ ಪ್ರಶ್ನೆ. ಅವರದೂ ಅಲ್ಲವಂತೆ. ‘ನನ್ನ ಮೇಷ್ಟ್ರದು’ ಅಂತ ಪ್ರತಿ ಸಲಾನೂ ಹೇಳ್ತಿದ್ರು.”

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಭಾನುವಾರದ ಶಾಲೆಯ ಮಕ್ಕಳಿಗೆ ಅವರು ಆ ಪ್ರಶ್ನೆ ಕೇಳುವುದನ್ನು ಬಿಟ್ಟು, ಅದು ತಮ್ಮದೆಂಬುದನ್ನೇ ಮರೆತು ಯಾವ ಕಾಲವಾಗಿತ್ತೋ.

“ಯಾವ ಮೇಷ್ಟ್ರು ಅಂತ ಹೇಳ್ಲಿಲ್ವ?” ನರ್ಸಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಇಲ್ಲಮ್ಮ, ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ‘ನನ್ನಿಂದ ಅವರಿಗೆ ಕೆಟ್ಟ ಹೆಸರು ಬರೋದು ಬೇಡ’ ಅಂತಿದ್ರು.”

ಮೇಷ್ಟ್ರಿಗೆ ದುಃಖ ಉಕ್ಕಿ ಬಂತು, ಅದರ ಬೆನ್ನಿಗೇ ಹೇಳಲಾಗದಂಥ ಒಂದು ಸಂತೋಷವೂ ಬಂತು. ಯಾವುದನ್ನು ಮೊದಲು ನುಂಗಬೇಕೋ ತಿಳಿಯದೆ ಅವರು ಬೋಧಕನ ಕಡೆ ತಿರುಗಿದರು.

“ಅವನ ನಂಬರ್ ಇದೆಯೇನಪ್ಪ?”

ಬೋಧಕ ಅಳುಕುತ್ತಲೇ ಫೋನು ಹಚ್ಚಿ ಕೊಟ್ಟ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು.

“ಹೇಳು ಮಗ, ಏನಂದ್ರು?” ಎಂದಿತು ಆ ಕಡೆಯ ದನಿ.

“ನಿನ್ನ ಹುಡುಗ ಪಾಸು ಕಣೋ,” ಎಂದರು ಮೇಷ್ಟ್ರು.

ಫೋನು ಕಟ್ಟಾಯಿತೇನೋ ಎಂದು ಮೇಷ್ಟ್ರು ಗಾಬರಿಯಾದರು. ಆಮೇಲೆ ಗಡ್ಡಪ್ಪ ಮೆಲ್ಲಗೆ ಕೇಳಿದ, “ಸರ್... ಊಟ ಆಯ್ತಾ?”

“ಇಲ್ಲ. ನೀನು ಎಷ್ಟು ಹೊತ್ತಿಗೆ ಬರ್ತೀಯ?”

ನರ್ಸಮ್ಮ ಬೋಧಕನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಮೇಷ್ಟ್ರು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, ರಸ್ತೆ ಕಾಣುವ ಹಾಗೆ ಕೂತರು.