ಹಲ್ಲು ಕಡಿಯುವವರ ಮನೆ

ನನ್ನ ಗಂಡನ ದವಡೆ ಹಲ್ಲು ಮುರಿದದ್ದು ಬ್ರೆಡ್ ತಿನ್ನುವಾಗ. ಒಣಗಿದ ಬ್ರೆಡ್ಡೂ ಅಲ್ಲ, ಹಾಲಿನಲ್ಲಿ ಅದ್ದಿದ್ದು. ತಿನ್ನುತ್ತಿದ್ದವರು ಗಕ್ಕನೆ ನಿಲ್ಲಿಸಿ, ಬಾಯಿಂದ ಬಿಳಿ ಚೂರೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟು, ಉಳಿದದ್ದನ್ನು ಇನ್ನೊಂದು ಕಡೆಯ ಹಲ್ಲಿನಲ್ಲಿ ತಿಂದು ಮುಗಿಸಿದರು. ಕಲ್ಲೇ ಇರಬೇಕೆಂದು ನಾನು ಬೇಕರಿಯವನ ಜನ್ಮ ಜಾಲಾಡಿದ ಮೇಲೆ, "ಅದು ಕಲ್ಲಲ್ಲ, ನನ್ನ ಹಲ್ಲು" ಅಂದರು.

ನನ್ನ ಗಂಡ ಅಂದರೆ ಹೀಗೆ. ಹಳೇ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ ಅವರದು. ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಸಣ್ಣ ಮೊಳೆಗಳು. ಒಂದೊಂದನ್ನೇ ನಾಲಗೆಯಿಂದ ತುಟಿಗೆ ತಂದು, ತೆಗೆದು, ಬಟ್ಟೆಗೆ ಹೊಡೆಯುತ್ತಾರೆ. ಬಾಯಿ ತುಂಬ ಮೊಳೆ ಇಟ್ಟುಕೊಂಡ ಮನುಷ್ಯ ಮಾತಾಡುವುದಾದರೂ ಹೇಗೆ? ಆ ಅಭ್ಯಾಸ ಮನೆಗೂ ಬಂದಿದೆ. ನಾನೋ, ಕರೆಂಟ್ ಆಫೀಸಿನಲ್ಲಿ ದೂರು ಕೇಳುವ ಕಿಟಕಿಯವಳು. ಬೆಳಗಿಂದ ಸಂಜೆವರೆಗೂ ಊರವರ ಬೈಗುಳ ಕೇಳಿಸಿಕೊಂಡು, "ಆಯ್ತು ಸಾರ್, ನೋಡ್ತೀವಿ ಸಾರ್" ಎಂದು ಹಲ್ಲು ಕಿರಿಯುವುದೇ ನನ್ನ ಕೆಲಸ. ಮನೆಗೆ ಬಂದ ಮೇಲೆ ನನ್ನ ಬಾಯಿಗೆ ಬಿಡುಗಡೆ. ಇಪ್ಪತ್ತಾರು ವರ್ಷದಿಂದ ನಾನು ಹೇಳುವವಳು, ಅವರು ಕೇಳುವವರು. ನಮ್ಮದು ಹಾಲು ಸಕ್ಕರೆಯಂಥ ಸಂಸಾರ ಎಂದೇ ನಾನು ನಂಬಿದ್ದೆ.

ಆ ನಂಬಿಕೆಗೆ ಪೆಟ್ಟು ಕೊಟ್ಟವರು ಹಲ್ಲಿನ ಡಾಕ್ಟರಮ್ಮ. ಅದೇ ಬೇಕರಿಯ ಮಹಡಿಯ ಮೇಲೆ ಅವರ ಕ್ಲಿನಿಕ್ಕು, ಕೆಳಗೆ ಹಾಳುಮಾಡಿಕೊಂಡು ಮೇಲೆ ಬರಲಿ ಎನ್ನುವ ಹಾಗೆ. ಉದ್ದ ಕುರ್ಚಿಯಲ್ಲಿ ನನ್ನ ಗಂಡನನ್ನು ಒರಗಿಸಿ, ದೀಪ ತಗ್ಗಿಸಿ, ಪುಟ್ಟ ಕನ್ನಡಿ ಬಾಯಿಗಿಟ್ಟು ತುಂಬ ಹೊತ್ತು ನೋಡಿದರು. ಸೋಫಾ ರಿಪೇರಿಯವರಿಗೆ ಆ ಕುರ್ಚಿಯ ಹೊಲಿಗೆಯ ಮೇಲೇ ಕಣ್ಣು.

"ಹುಳುಕು ಏನೂ ಇಲ್ಲ. ಹಲ್ಲು ಸವೆದಿದೆ, ಅದಕ್ಕೇ ಮುರಿದಿದೆ. ತುದಿಗಳೆಲ್ಲ ಚಪ್ಪಟೆಯಾಗಿವೆ ನೋಡಿ. ರಾತ್ರಿ ಹಲ್ಲು ಕಡೀತಾರಾ?" ಎಂದು ನನ್ನನ್ನು ಕೇಳಿದರು.

"ನನಗೆ ಗೊತ್ತಿಲ್ಲ ಡಾಕ್ಟ್ರೇ. ದಿಂಬಿಗೆ ತಲೆ ಕೊಟ್ಟರೆ ಮುಗೀತು, ಮನೆ ಹೊತ್ಕೊಂಡು ಹೋದ್ರೂ ನನಗೆ ಎಚ್ಚರ ಆಗಲ್ಲ."

"ಕಡೀತಾರೆ. ವರ್ಷಗಟ್ಟಲೆ ಕಡಿದಿದ್ದಾರೆ." ಅವರ ಕಡೆ ತಿರುಗಿ ನಕ್ಕರು. "ಯಾರ ಮೇಲೆ ಯಜಮಾನ್ರೇ ಇಷ್ಟೊಂದು ಸಿಟ್ಟು?"

ಆಕೆ ಅಂದದ್ದು ತಮಾಷೆಗೆ. ಚಿಂತೆಯಿಂದಲೂ ಹೀಗಾಗುತ್ತೆ, ಕೆಲವರಿಗೆ ಕಾರಣವೇ ಗೊತ್ತಾಗಲ್ಲ ಎಂದೂ ಹೇಳಿದರು. ಮುರಿದ ಹಲ್ಲಿಗೆ ಕ್ಯಾಪ್ ಹಾಕೋಣ, ಮಲಗುವಾಗ ಹಾಕಿಕೊಳ್ಳಲು ಗಾರ್ಡ್ ಅಂತ ಒಂದು ಕವಚ ಮಾಡಿಸೋಣ ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಸಿಟ್ಟು ಎನ್ನುವ ಮಾತೊಂದೇ. ಹಲ್ಲು ಕಡಿಯುವುದು ಅಂದರೆ ಇನ್ನೇನು? ಯಾರೂ ಪ್ರೀತಿಯಿಂದ ಹಲ್ಲು ಕಡಿದದ್ದನ್ನು ನಾನು ಕೇಳಿಲ್ಲ.

ಹಲ್ಲಿನ ಅಚ್ಚು ತೆಗೆಯಲು ಡಾಕ್ಟರಮ್ಮ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ಅವರ ಬಾಯಿಗೆ ತುಂಬಿ, "ಗಟ್ಟಿ ಆಗೋವರೆಗೂ ಅಲ್ಲಾಡಬೇಡಿ" ಎಂದು ಕೈ ತೊಳೆಯಲು ಹೋದರು. ನನಗೆಲ್ಲಿಯ ತಾಳ್ಮೆ?

"ರೀ, ನನ್ನ ಮೇಲಾ?"

ಅವರು ಕಣ್ಣರಳಿಸಿ ಕೈ ಎತ್ತಿದರು. ಅದು ಹೌದೋ, ಅಲ್ಲವೋ, ಸುಮ್ಮನಿರು ಅಂತಲೋ ತಿಳಿಯಲಿಲ್ಲ. ಗಂಟಲಿನಿಂದ ಊಂ ಅಂತ ಸದ್ದೊಂದು ಬಂತು. ಅಚ್ಚು ತೆಗೆದ ಮೇಲೆ ಬಾಯಿ ಮುಕ್ಕಳಿಸಿ, "ವಾಂತಿ ಬರೋ ಹಾಗಾಗಿತ್ತು" ಅಂದರು. ಮತ್ತೊಮ್ಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಬಾಯಿ ಬರದೆ ನಾನು ನಿಂತದ್ದು ಅದೇ ಮೊದಲು.

ಮನೆಯಲ್ಲಿ ಅತ್ತೆಗೆ ಹೇಳಿದೆ. ಅತ್ತೆಯವು ಕಟ್ಟಿಸಿದ ಹಲ್ಲು. ಮುಖ್ಯವಾದ ವಿಷಯ ಬಂದರೆ ಅವನ್ನು ಬಟ್ಟಲಿನಿಂದ ತೆಗೆದು ಹಾಕಿಕೊಂಡೇ ಮಾತಾಡುತ್ತಾರೆ. ಹಾಕಿಕೊಂಡರು.

"ಸಿಟ್ಟು ನಿನ್ನ ಮೇಲಲ್ಲ ಕಣೇ, ನನ್ನ ಮೇಲೆ. ಚಿಕ್ಕವನಿದ್ದಾಗ ಅವನ ಸೈಕಲ್ ಮಾರಿಬಿಟ್ಟಿದ್ದೆ. ಒಂದು ಮಾತೂ ಆಡಿರಲಿಲ್ಲ ಮಗು."

ಆ ಸಂಜೆಯೇ ಮಗನ ಮುಂದೆ ಕೂತು ಕಣ್ಣಲ್ಲಿ ನೀರು ತಂದುಕೊಂಡರು. ಮಗ ಸಾಕಷ್ಟು ಯೋಚಿಸಿ, "ಯಾವ ಸೈಕಲ್?" ಅಂದರು.

ಅಲ್ಲಿಗೆ ಉಳಿದವಳು ನಾನೊಬ್ಬಳೇ. ಇಷ್ಟು ವರ್ಷ ಅವರಿಗೆ ಆಡಿದ ಮಾತುಗಳನ್ನೆಲ್ಲ ಅಕ್ಕಿ ಆರಿಸಿದ ಹಾಗೆ ಆರಿಸಿ ನೋಡಿದೆ. ಕಲ್ಲು ಬೇಕಾದಷ್ಟು ಸಿಕ್ಕವು. ನನಗೆ ಗೊತ್ತಾಗಬೇಕಿದ್ದದ್ದು ಒಂದೇ. ಈ ಮನುಷ್ಯ ನನ್ನ ಜೊತೆ ಸುಖವಾಗಿದ್ದಾರಾ, ಇಲ್ಲ, ಹಲ್ಲು ಕಚ್ಚಿಕೊಂಡು ದಿನ ದೂಡಿದ್ದಾರಾ? ಅದನ್ನು ಕೇಳುವ ಧೈರ್ಯ ಇರಲಿಲ್ಲ, ಅದಕ್ಕೆ ಬಾಯಿಗೆ ಬೀಗ ಹಾಕಿಕೊಂಡೆ. ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ, ಅವರೇನೂ ಹೇಳದಿದ್ದರೂ ಹೂಂ ಅಂದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಾಗ ಎತ್ತಿ ಒಣಹಾಕಿ ನಕ್ಕೆ. ಅವರು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ವಲ್ಲ" ಅಂದುಕೊಂಡು ಹೋದರು. "ಏನಾದ್ರೂ ಮಾತಾಡೇ, ಮನೆ ಆಸ್ಪತ್ರೆ ಥರ ಆಗಿದೆ" ಎಂದು ಅತ್ತೆ ಗೊಣಗಿದರು.

ಕ್ಯಾಪ್ ಬಂದ ದಿನ ಮತ್ತೆ ಹೋದೆವು. ಡಾಕ್ಟರಮ್ಮ ಅದನ್ನು ಕೂರಿಸಿ, ನೀಲಿ ಕಾಗದವೊಂದನ್ನು ಹಲ್ಲುಗಳ ನಡುವೆ ಇಟ್ಟು, "ಟಕ್ ಟಕ್ ಅಂತ ಕಚ್ಚಿ" ಅಂದರು. ನೀಲಿ ಬಿದ್ದ ಕಡೆ ಒಂದಿಷ್ಟು ಉಜ್ಜಿ, ಮತ್ತೆ ಕಚ್ಚಿಸಿದರು. ಗಾರ್ಡನ್ನೂ ಹಾಕಿಸಿ ನೋಡಿದರು. ಎಲ್ಲ ಮುಗಿದ ಮೇಲೆ ನನ್ನನ್ನು ನೋಡಿ, "ನೀವು ಹಲ್ಲು ತೋರಿಸಿ ಎಷ್ಟು ದಿನ ಆಯ್ತು?" ಅಂದರು.

"ನನಗೇನಾಗಿದೆ ಡಾಕ್ಟ್ರೇ? ದಿನಾ ಉಜ್ತೀನಲ್ಲ."

"ಬನ್ನಿ, ಕ್ಲೀನ್ ಮಾಡಿಬಿಡ್ತೀನಿ."

ಕೂತೆ. ಆ ಮೆಷಿನ್ನು ಗುಂಯ್ ಅಂತ ನೀರು ಚಿಮ್ಮಿಸುತ್ತ ಹಲ್ಲಿನ ಸಂದಿಯ ಗಾರೆಯನ್ನೆಲ್ಲ ಕೆರೆಯಿತು. ಮುಂದಿನದು ಮುಗಿಸಿ ದವಡೆಗೆ ಬಂದಾಗ ಡಾಕ್ಟರಮ್ಮನ ಕೈ ನಿಂತಿತು. ಮೆಷಿನ್ನು ಆರಿಸಿ, ಕನ್ನಡಿ ತಿರುಗಿಸಿ ನೋಡಿ, ನಗತೊಡಗಿದರು.

"ಯಜಮಾನ್ರ ಹಲ್ಲು ಪರವಾಗಿಲ್ಲ. ನಿಮ್ಮದು ಅವರದ್ದಕ್ಕಿಂತ ಸವೆದಿದೆ. ಕಡಿಯೋದರಲ್ಲಿ ನೀವೇ ಮುಂದೆ."

ಬಾಯಿ ತೆರೆದುಕೊಂಡೇ ಗಂಡನ ಕಡೆ ಕಣ್ಣು ಹೊರಳಿಸಿದೆ. ಅವರು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಅವರಿಗೆ ಇದು ಮೊದಲೇ ಗೊತ್ತು ಅಂತ ನನಗೆ ಆಗಲೇ ತಿಳಿಯಿತು.

ನನ್ನ ಅಚ್ಚನ್ನೂ ಕೊಟ್ಟು ಮೆಟ್ಟಿಲಿಳಿದು ಬೇಕರಿಯ ಮುಂದೆ ನಿಂತೆವು.

"ನಿಮಗೆ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ಮದುವೆಯಾದ ಹೊಸದರಲ್ಲೇ. ಮೊದಲು ಇಲಿ ಅಂದ್ಕೊಂಡಿದ್ದೆ. ಬೋನು ತಂದಿಟ್ಟಿದ್ದೆನಲ್ಲ."

ಆ ಬೋನು ನನಗೆ ನೆನಪಿತ್ತು. ಒಂದು ಇಲಿಯೂ ಬೀಳಲಿಲ್ಲವೆಂದು ಅವರನ್ನು ನೆಂಟರ ಮುಂದೆಲ್ಲ ಆಡಿಕೊಂಡಿದ್ದೆ.

"ಮತ್ತೆ ನನಗೆ ಹೇಳ್ಲಿಲ್ಲ ಯಾಕೆ?"

ಮೊಳೆಯಿಲ್ಲದ ಬಾಯಲ್ಲಿ ಅವರು ತುಂಬ ಹೊತ್ತು ಮೊಳೆ ಹುಡುಕಿದರು.

"ನನ್ನ ಮೇಲೆ ಸಿಟ್ಟು ಅಂದ್ಕೊಂಡೆ. ಕೇಳಿದ್ರೆ ನೀನು ಸುಳ್ಳು ಹೇಳೋಳಲ್ಲ. ಹೌದು ಅಂದ್ಬಿಟ್ರೆ ಏನ್ ಮಾಡ್ಲಿ?"

"ಅದಕ್ಕೆ ಇಷ್ಟು ವರ್ಷ ಸುಮ್ಮನಿದ್ರಾ?"

"ಬೆಳಗಾದ್ರೆ ನೀನು ನಗ್ತಾ ಮಾತಾಡ್ತಿದ್ದೆ. ಹಗಲು ಚೆನ್ನಾಗಿದೆಯಲ್ಲ, ಸಾಕು ಅನ್ಕೊಂಡೆ."

ನನಗೆ ಅಳು ಬಂತು, ನಗುವೂ ಬಂತು. "ಮತ್ತೆ ನೀವು ಕಡಿಯೋದು ಯಾರ ಮೇಲೆ?" ಅಂದೆ.

"ನನಗೇನು ಗೊತ್ತು, ನಿದ್ದೆಯಲ್ಲಿರ್ತೀನಿ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನೀನು ಪುರುಸೊತ್ತು ಎಲ್ಲಿ ಕೊಟ್ಟಿದ್ದೀಯ? ಈ ವಾರ ನೀನು ಬಾಯಿ ಮುಚ್ಕೊಂಡು ಓಡಾಡಿದ್ಯಲ್ಲ, ಆಗ ಮಾತ್ರ ಎದೆ ಹೊಡ್ಕೊಳ್ತು."

ನನ್ನ ಎದೆ ಹಗುರಾಯಿತು. ಹಗುರಾದ ಮೇಲೆ ಕೇಳಬೇಕೆ, ಮನೆಯವರೆಗೂ ಬೈದೆ. ಇಲಿ ಅಂದದ್ದಕ್ಕೆ, ಬೋನಿಗೆ, ಮುಚ್ಚಿಟ್ಟದ್ದಕ್ಕೆ, ಒದ್ದೆ ಟವೆಲ್ಲಿಗೆ ಬೇರೆಬೇರೆಯಾಗಿ ಬೈದೆ. ಅವರು ಹಬ್ಬದೂಟ ಉಂಡವರ ಹಾಗೆ ನಡೆದು ಬಂದರು. ಆ ಗದ್ದಲದಲ್ಲಿ, ನನಗೆ ಅವರ ಮೇಲೆ ಸಿಟ್ಟಿದೆಯೋ ಇಲ್ಲವೋ ಹೇಳುವುದೊಂದು ಉಳಿದೇ ಹೋಯಿತು.

ಮುಂದಿನ ವಾರ ನನ್ನ ಗಾರ್ಡೂ ಬಂತು. ಅತ್ತೆಯ ಬಟ್ಟಲಿನ ಪಕ್ಕ ನಮ್ಮ ಎರಡು ಡಬ್ಬಿ ಇಟ್ಟೆವು. "ಬೆಳಿಗ್ಗೆ ಕಣ್ಣುಜ್ಜುತ್ತಾ ಬಂದು ನನ್ನದಕ್ಕೆ ಕೈ ಹಾಕ್ಬೇಡಿ" ಎಂದು ಅತ್ತೆ ಎಚ್ಚರಿಸಿದರು.

ಮಲಗುವಾಗ ಇಬ್ಬರೂ ಗಾರ್ಡ್ ಹಾಕಿಕೊಂಡೆವು. ತುಟಿ ಮುಚ್ಚುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ದೀಪ ಆರಿಸಿದ ಮೇಲೆ ಅವರು ನನ್ನ ಕಡೆ ಹೊರಳಿದರು.

"ನಿಂಗೆ ನನ್ನ ಮೇಲೆ ಥಿತ್ತಿದೆಯಾ?"

ಇಪ್ಪತ್ತಾರು ವರ್ಷ ಕೇಳದ ಮಾತನ್ನು ಕೊನೆಗೂ ಕೇಳಿದರು.

"ಇಲ್ಲ ರೀ," ಅಂದೆ. "ಒಂದು ಚೂರೂ ಥಿತ್ತಿಲ್ಲ. ಯಾವತ್ತೂ ಇರ್ಲಿಲ್ಲ."

ಅವರು ಇನ್ನಷ್ಟು ಹತ್ತಿರ ಸರಿದರು.

"ಇನ್ನೊಂದ್ ಥಲ ಹೇಳು" ಅಂದರು.

ಹೇಳಿದೆ.