ಮೇಷ್ಟ್ರು ಬಗ್ಗಿದ ಜಾಗ

"ಹೆಣ ಬಗ್ಗಿ ಗುಂಡಿ ನೋಡ್ತು ಸಾ," ಎಂದು ಚಿಕ್ಕಬಸಪ್ಪ ಹೇಳಿದಾಗ, ಪುರಸಭೆಯ ಮುಖ್ಯಾಧಿಕಾರಿ ಬದರೀನಾರಾಯಣ ಅವರ ಕೈಯಲ್ಲಿದ್ದ ಟೀ ಲೋಟ ಟೇಬಲ್ಲಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

ಅಲ್ಲಿಯವರೆಗೆ ಆ ಸಭೆಯಲ್ಲಿ ಯಾರೂ ಯಾರ ಮಾತನ್ನೂ ಕೇಳಿರಲಿಲ್ಲ. ಬಸವನಗುಡಿ ಬೀದಿಯ ಇಪ್ಪತ್ತೈದು ಜನ ಹನ್ನೊಂದು ಗಂಟೆಗೇ ಬಂದು ಬೆಂಚು ಹಿಡಿದಿದ್ದರು. ಗುಡಿಯಿಂದ ನೀರಿನ ಟ್ಯಾಂಕಿನವರೆಗೆ ಹಿಂದೆ ಯಾವಾಗಲೋ ಹಾಕಿದ್ದ ಡಾಂಬರು ಈಗ ಅಲ್ಲೊಂದು ಇಲ್ಲೊಂದು ಹಪ್ಪಳದ ಹಾಗೆ ಉಳಿದಿತ್ತು. ಇಂಜಿನಿಯರ್ ಹರಿಪ್ರಸಾದ್ ಎದ್ದು ನಿಂತು ಜಲ್ಲಿ, ಡಾಂಬರು, ಕೂಲಿ, ಮೈಸೂರಿನಿಂದ ತರಿಸಬೇಕಾದ ರೋಲರಿನ ಬಾಡಿಗೆ ಎಂದು ಓದಿ, ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ ಎಂದರು. ಈ ಸಾಲಿನಲ್ಲಿ ಉಳಿದಿರುವುದು ಹನ್ನೆರಡು ಸಾವಿರ ಎಂದೂ ಅದೇ ದನಿಯಲ್ಲಿ ಓದಿದರು.

"ರೋಲರ್ ಬ್ಯಾಡ ಬುಡಿ ಸಾ," ಎಂದು ಬೀದಿಯಿಂದ ಗೆದ್ದಿದ್ದ ಸದಸ್ಯೆ ವಿಶಾಲಮ್ಮ ಹೇಳಿದ್ದರು. "ಜಲ್ಲಿ ಸುರುದ್ರೆ ಸಾಕು. ನಮ್ ಬೀದಿ ಎಮ್ಮೆಗಳೇ ತುಳ್ದು ಸಮ ಮಾಡ್ತವೆ."

"ಎಮ್ಮೆ ಲೆಕ್ಕ ಆಡಿಟ್‌ನವರು ಒಪ್ಪಲ್ಲಮ್ಮ," ಎಂದು ಮುಖ್ಯಾಧಿಕಾರಿಗಳು ಮುಂದಿನ ವರ್ಷ ನೋಡೋಣ ಎನ್ನುವುದಕ್ಕೆ ಬಾಯಿ ತೆರೆಯುತ್ತಿದ್ದರು. ಚಿಕ್ಕಬಸಪ್ಪ ಎದ್ದದ್ದು ಆಗ.

ಅವನದು ಬೀದಿಯ ನಡುಮಧ್ಯದಲ್ಲಿ ಹಿಟ್ಟಿನ ಮಿಲ್ಲು. ರಾಗಿ ಬೀಸುವಷ್ಟು ಹೊತ್ತು ಕಾಯುವವರಿಗೆ ಕಥೆ ಪುಕ್ಕಟೆ. ಒಂದು ವರ್ಷ ಕಪಿಲೆ ಉಕ್ಕಿದಾಗ ಮೊಸಳೆಯೊಂದು ಮಿಲ್ಲಿನೊಳಕ್ಕೆ ಬಂದು, ಮೈಯೆಲ್ಲಾ ಹಿಟ್ಟು ಬಳಿದುಕೊಂಡು, ವಿಭೂತಿ ಧರಿಸಿದ ಸ್ವಾಮಿಗಳಂತೆ ಗಂಭೀರವಾಗಿ ವಾಪಸು ಹೊಳೆಗೆ ಇಳಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕೊನೆಯ ಮಾತಿಗೆ ಮುಂಚೆ ಮಾತ್ರ ಒಮ್ಮೊಮ್ಮೆ ತನಗೇ ನಗು ಬಂದುಬಿಡುತ್ತಿತ್ತು. ಅದೊಂದು ದೋಷ.

"ನಾಕು ವರ್ಷದ ಕೆಳಗೆ ನಮ್ ಮಾದಯ್ಯ ಮೇಷ್ಟ್ರು ಲಿಂಗೈಕ್ಯ ಆದ್ರು ಸಾ," ಎಂದು ಅವನು ಮುಂದುವರಿಸಿದ. "ನಮ್ಮೋರಲ್ಲಿ ಮಲಗ್ಸಿ ಒರಲ್ಲ. ವಿಮಾನ ಕಟ್ಟಿ, ಅದ್ರಲ್ಲಿ ಕೂರ್ಸಿ ಒರ್ತೀವಿ. ಪೇಟ ಸುತ್ತಿ, ಶಾಲು ಒದ್ಸಿ, ಮದ್ವೆ ಗಂಡಿನಂಗೆ ಕೂತಿದ್ರು. ಮುಂದುಗಡೆ ಬಲಕ್ಕೆ ಭುಜ ಕೊಟ್ಟಿದ್ದೋನು ನಾನೇ. ಮಿಲ್ ಮುಂದಕ್ಕೆ ಬಂದೋ. ನನ್ ಕಾಲು ಮಂಡಿ ಗಂಟ ಗುಂಡಿ ಒಳಿಕ್ಕೋಯ್ತು. ಮೇಷ್ಟ್ರು ಹಿಂಗೆ ಬಗ್ಗಿದ್ರು." ಚಿಕ್ಕಬಸಪ್ಪ ಸೊಂಟದಿಂದ ಮುಂದಕ್ಕೆ ಬಾಗಿ, ಕತ್ತು ಇಳಿಬಿಟ್ಟು ತೋರಿಸಿದ. "ಗುಂಡಿ ಒಂದ್ಸಲ ಅಳತೆ ನೋಡಿದ್ರು. ಆಮೇಲೆ ನನ್ ಕಿವಿ ತಾವ್ಕೆ ಬಂದು, 'ಲೋ ಚಿಕ್ಕಬಸ, ಪುರಸಭೆಯೋರು ಇಲ್ಲೇ ಇಷ್ಟು ಆಳ ತೋಡವ್ರೆ. ಅಷ್ಟು ದೂರ ಯಾಕ್ಲಾ ಒತ್ಕೊಂಡೋಯ್ತೀರಿ? ಇಲ್ಲೇ ಕೂರ್ಸಿ ಮಣ್ಣೆಳೀರಿ' ಅಂದ್ರು ಸಾ."

ಮುಖ್ಯಾಧಿಕಾರಿಗಳ ಟೀ ಫೈಲಿನ ಮೇಲೆ ಚೆಲ್ಲಿತು. ಹರಿಪ್ರಸಾದ್ ಎಸ್ಟಿಮೇಟಿನ ಹಾಳೆಯನ್ನೇ ಮುಖಕ್ಕೆ ಹಿಡಿದುಕೊಂಡರು. ವಿಶಾಲಮ್ಮ ಸೆರಗು ಬಾಯಿಗಿಟ್ಟುಕೊಂಡರೂ ಭುಜ ಕುಣಿಯುವುದು ನಿಲ್ಲಲಿಲ್ಲ. ನಗುವನ್ನು ಪೂರ್ತಿ ಎದೆಗೆ ತೆಗೆದುಕೊಳ್ಳಲೆಂದು ಚಿಕ್ಕಬಸಪ್ಪ ಜನರ ಕಡೆಗೆ ತಿರುಗಿದ. ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಮೇಷ್ಟ್ರ ಹೆಂಡತಿ ಪುಟ್ಟಗೌರಮ್ಮ ಕೂತಿದ್ದರು.

ಅವರು ಯಾವಾಗ ಬಂದರೋ ಅವನು ನೋಡಿರಲಿಲ್ಲ. ಅವರು ನಗಲೂ ಇಲ್ಲ, ಅಳಲೂ ಇಲ್ಲ. ತಪ್ಪು ಪಾಠ ಒಪ್ಪಿಸುತ್ತಿರುವ ಹುಡುಗ ಎಲ್ಲಿಯವರೆಗೆ ಹೋಗುತ್ತಾನೋ ಹೋಗಲಿ ಎಂದು ಮೇಷ್ಟ್ರು ತರಗತಿಯಲ್ಲಿ ನೋಡುತ್ತಿದ್ದರಲ್ಲ, ಹಾಗೆ ನೋಡುತ್ತಿದ್ದರು. ಆಮೇಲೆ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಮುಖ್ಯಾಧಿಕಾರಿಗಳು ಕಣ್ಣೊರೆಸಿಕೊಂಡರು. "ಆಯ್ತು, ರಸ್ತೆ ಆಗಲ್ಲ, ಆ ಒಂದು ಗುಂಡಿ ಹನ್ನೆರಡು ಸಾವಿರದಲ್ಲಿ ಮುಚ್ಚೋಣ. ಆದ್ರೆ ಇಡೀ ಬೀದಿ ಬಿಟ್ಟು ಅದೊಂದನ್ನೇ ಯಾಕೆ ಮುಚ್ಚಿದ್ರಿ ಅಂತ ನನ್ನ ಕೇಳ್ತಾರೆ. ನಾಳೆನೇ ಸ್ಥಳ ಮಹಜರು ಆಗ್ಲಿ. ಶವ ಬಗ್ಗಿದ್ದು ಇದೇ ಜಾಗದಲ್ಲಿ ಅಂತ ಹೊತ್ತವರೊಬ್ಬರು, ಮನೆಯವರೊಬ್ಬರು ಸಹಿ ಹಾಕ್ಲಿ."

"ಮನೆಯೋರು ಇಲ್ಲೇ ಅವ್ರಲ್ಲ ಸಾ," ಎಂದು ವಿಶಾಲಮ್ಮ ನಗುತ್ತಲೇ ಬೆರಳು ತೋರಿಸಿದರು. ಎಲ್ಲರೂ ಹಿಂದಕ್ಕೆ ತಿರುಗಿದರು. ನಗು ಒಂದೇ ಸಲಕ್ಕೆ ನಿಂತುಹೋಯಿತು. ಚಿಕ್ಕಬಸಪ್ಪ ಕೂರುವುದಕ್ಕೆ ಬೆಂಚು ಹುಡುಕಿದ.

ಮನೆಗೆ ಹೋಗುವಾಗ ಅವನು ಬೀದಿಯವರ ಜೊತೆ ಸೇರಲಿಲ್ಲ. ದೇವನೂರು ಬಸ್ಸು ಹಿಡಿಯುವವನ ಹಾಗೆ ಸ್ಟ್ಯಾಂಡಿನ ಕಡೆಗೆ ಹೋಗಿ, ಸುತ್ತು ಹಾಕಿಕೊಂಡು ಬಂದ.

ಮೇಷ್ಟ್ರು ಬಗ್ಗಿದ್ದು ನಿಜ. ಗುಂಡಿ ಇದ್ದದ್ದೂ ನಿಜ. ಆದರೆ ಗುಂಡಿ ಇದ್ದದ್ದು ಹದಿನೈದು ಹೆಜ್ಜೆ ಮುಂದೆ, ಮಿಲ್ಲಿನ ಬಾಗಿಲಲ್ಲಿ. ಮೇಷ್ಟ್ರು ಬಗ್ಗಿದ್ದು ಅವರ ಮನೆಯ ಮುಂದೆ, ಅಂಗೈಯಂಥ ನೆಲದಲ್ಲಿ. ವಿಮಾನ ಎತ್ತಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಎಡಕ್ಕೆ ಭುಜ ಕೊಟ್ಟಿದ್ದ ನಂಜೇಶನ ಕಡೆಗೆ ಚಿಕ್ಕಬಸಪ್ಪ ಕತ್ತು ವಾಲಿಸಿ, "ಸ್ಕೂಲಲ್ಲೂ ಮೇಷ್ಟ್ರ ಕುರ್ಚಿ ನಾವೇ ಒರ್ತಿದ್ದೋ, ಈಗ್ಲೂ ನಾವೇ. ನಮ್ಗೆ ಪ್ರಮೋಷನ್ನೇ ಇಲ್ವಲ್ಲೋ" ಎಂದಿದ್ದ. ಮಾತು ಮುಗಿಯುವ ಮೊದಲೇ ತನಗೇ ನಗು ಬಂತು. ನಗುವಿಗೆ ಮಂಡಿ ಸಡಿಲವಾಯಿತು, ಭುಜ ಇಳಿಯಿತು. ಮೂವತ್ತು ವರ್ಷ ಮಕ್ಕಳ ಬೆನ್ನು ತಟ್ಟಿ "ನೆಟ್ಟಗೆ ಕೂತ್ಕೊ" ಎಂದಿದ್ದ ಮೇಷ್ಟ್ರು, ಕಟ್ಟಿದ್ದ ಬಟ್ಟೆ ಜಾರಿ ಮುಂದಕ್ಕೆ ಬಾಗಿದರು. ಪೇಟ ಕಳಚಿ ಚರಂಡಿಯ ಅಂಚಿನವರೆಗೆ ಉರುಳಿತು.

"ಅಯ್ಯೋ ಗುಂಡಿ!" ಎಂದು ಚಿಕ್ಕಬಸಪ್ಪ ಕೂಗಿದ್ದ. ಅಷ್ಟೇ. ಹಿಂದಿದ್ದವರಿಗೆ ನೆಲ ಕಾಣುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ಪುರಸಭೆಗೆ ಶಾಪ ಹಾಕುತ್ತಿತ್ತು. ನಂಜೇಶ ಮಾರನೇ ವರ್ಷ ಕವಲಂದೆಯಲ್ಲಿ ಅಂಗಡಿ ಇಟ್ಟು ಅಲ್ಲೇ ಉಳಿದ. ಅಲ್ಲಿಂದ ಕಥೆಗೆ ಚಿಕ್ಕಬಸಪ್ಪ ಒಬ್ಬನೇ ವಾರಸುದಾರನಾದ. ಮೊದಲ ವರ್ಷ ಕಾಲು ಪಾದದವರೆಗೆ ಹೋಗಿತ್ತು. ಎರಡನೇ ವರ್ಷ ಮೀನಖಂಡದವರೆಗೆ. ಮೂರನೇ ವರ್ಷ ಮೇಷ್ಟ್ರು ಮಾತಾಡತೊಡಗಿದರು. ಶುರುಮಾಡುವ ಮುಂಚೆ, ಸಾಲಿನಲ್ಲಿ ಪುಟ್ಟಗೌರಮ್ಮನ ರಾಗಿ ಡಬ್ಬವಿದೆಯೇ ಎಂದು ಮಾತ್ರ ಅವನು ತಪ್ಪದೆ ನೋಡಿಕೊಳ್ಳುತ್ತಿದ್ದ.

ಆ ದಿನ ಹೆಂಗಸರು ಸಮಾಧಿಗೆ ಹೋಗಿರಲಿಲ್ಲ. ಪುಟ್ಟಗೌರಮ್ಮ ಗಂಡನ ಜೊತೆ ಹೋದದ್ದು ಜಗಲಿಯ ಕಂಬದವರೆಗೆ. ಕಣ್ಣಲ್ಲಿ ಅಷ್ಟು ನೀರು ತುಂಬಿಕೊಂಡವರಿಗೆ ಏನು ಕಂಡಿರುತ್ತದೆ ಎಂದು ಚಿಕ್ಕಬಸಪ್ಪ ನಾಲ್ಕು ವರ್ಷ ನಂಬಿದ್ದ. ಇಂದು ಆ ಬೆಂಚಿನಲ್ಲಿ ಅವರ ಕಣ್ಣು ಒಣಗಿಯೇ ಇತ್ತು.

ಸಂಜೆ ಅವನೇ ಅವರ ಹಿಟ್ಟಿನ ಡಬ್ಬ ಎತ್ತಿಕೊಂಡು ಹೋದ. ಎಂದೂ ಯಾರ ಮನೆಗೂ ಡಬ್ಬ ಮುಟ್ಟಿಸಿದವನಲ್ಲ.

"ಅಲ್ಲೇ ಇಡಪ್ಪ," ಎಂದರು ಪುಟ್ಟಗೌರಮ್ಮ ಒಳಗಿನಿಂದ.

ಇಟ್ಟ. ಹೋಗಲಿಲ್ಲ. "ಅವ್ವ, ಇವತ್ತು ಆಪೀಸಲ್ಲಿ..."

"ನುಣ್ಣಗೆ ಬಿದ್ದದಾ ಹಿಟ್ಟು?"

"ಬಿದ್ದದೆ ಅವ್ವ."

"ಸರಿ ಹಾಗಾದ್ರೆ."

ಅವನು ಜಗಲಿಯಿಂದ ಇಳಿದ. ನಾಳೆ ಅವರು ಸಹಿ ಹಾಕಲಾರೆ ಎಂದರೆ ಸಾಕು, ಯಾಕೆ ಎಂದು ಬೀದಿ ಕೇಳುತ್ತದೆ. ಕೇಳಿದರೆ ಅವರು ಹೇಳುತ್ತಾರೆ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ. ಆ ರಾತ್ರಿ ಹೆಂಡತಿ ಬಡಿಸಿದ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಮಾರನೇ ದಿನ ಒಂಬತ್ತಕ್ಕೆ ಹರಿಪ್ರಸಾದ್ ಸ್ಕೂಟರಿನಲ್ಲಿ ಬಂದರು. ಟೇಪು ಹಿಡಿದು ಗುಂಡಿ ಅಳೆದರು. ಉದ್ದ ನಾಲ್ಕು ಅಡಿ, ಆಳ ಒಂಬತ್ತು ಇಂಚು.

"ಮಂಡಿಯವರೆಗೆ ಅಂದ್ರಲ್ಲ ನೆನ್ನೆ?"

"ಆಗ ಇತ್ತು ಸಾ. ಈಗ ತುಂಬ್ಕೊಂಡದೆ," ಎಂದ ಚಿಕ್ಕಬಸಪ್ಪ. ಬಾಯಿಗೆ ಅಭ್ಯಾಸ.

"ಎಲ್ಲಿ, ಕಾಲಿಟ್ಟು ತೋರ್ಸಿ."

ಚಿಕ್ಕಬಸಪ್ಪ ಬಲಗಾಲನ್ನು ಗುಂಡಿಯೊಳಗಿಟ್ಟು ನಿಂತ. ಸುತ್ತ ಜನ ಸೇರಿತ್ತು. ವಿಶಾಲಮ್ಮ ಹೋಗಿ ಪುಟ್ಟಗೌರಮ್ಮನನ್ನು ಕರೆತಂದರು. ಹರಿಪ್ರಸಾದ್ ಮಹಜರಿನ ಹಾಳೆ ತೆಗೆದು, ಓದಿ ಹೇಳುತ್ತೇನೆ ಎಂದರೂ ಪುಟ್ಟಗೌರಮ್ಮ ಕೈ ಚಾಚಿದರು. ಕನ್ನಡಕ ಹಾಕಿಕೊಂಡು, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದರು:

"ದಿನಾಂಕ ಹದಿನಾಲ್ಕು ಎರಡು ತೊಂಬತ್ತೆಂಟರಂದು ಸ್ಥಳ ಪರಿಶೀಲಿಸಲಾಗಿ, ಸದರಿ ಗುಂಡಿಯಲ್ಲಿ ಹೊರುವವರ ಕಾಲು ಸಿಲುಕಿ, ದಿವಂಗತ ಮಾದಯ್ಯನವರ ಶವವು ಮುಂದಕ್ಕೆ ವಾಲಿದ್ದು ನಿಜವೆಂದು ತಿಳಿದುಬಂದಿರುತ್ತದೆ."

ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಅವ್ರು ಮಾತಾಡಿದ್ದು ಇದ್ರಲ್ಲಿ ಬರ್ದಿಲ್ವಲ್ಲಪ್ಪ?"

ಹರಿಪ್ರಸಾದ್ ಕೆಮ್ಮಿದರು. "ಅದು ಬೇಕಾಗಲ್ಲಮ್ಮ."

ಪುಟ್ಟಗೌರಮ್ಮ ಚಿಕ್ಕಬಸಪ್ಪನ ಕಡೆಗೆ ತಿರುಗಿದರು. "ಏನಂದ್ರು ಅಂದೆ ನೆನ್ನೆ? ನಾನು ಹಿಂದ್ಗಡೆ ಕೂತಿದ್ದೆ. ಅವ್ರೆಲ್ಲ ನಗೋದ್ರಲ್ಲಿ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮಿಲ್ಲಿನೊಳಗೆ ಬೆಲ್ಟು ಖಾಲಿ ತಿರುಗುತ್ತಿತ್ತು.

"ಹೇಳಪ್ಪ. ಅವ್ರ ಮಾತು ಕೇಳಿ ನಾಕು ವರ್ಷ ಆಯ್ತು."

ಚಿಕ್ಕಬಸಪ್ಪನ ಬಾಯಿ ತೆರೆದುಕೊಂಡಿತು. ಮೊಸಳೆಗೆ ವಿಭೂತಿ ಬಳಿದ ಬಾಯಿ ಅದು. ಏನೂ ಬರಲಿಲ್ಲ. ಒಂದು ಕಾಲು ಗುಂಡಿಯಲ್ಲಿ, ಒಂದು ಕಾಲು ಮೇಲೆ, ಒಂದು ಕಡೆಗೆ ವಾಲಿಕೊಂಡೇ ನಿಂತಿದ್ದ. ಕಾಲು ತೆಗೆಯಬಹುದು ಎಂದು ಅವನಿಗೆ ಹೊಳೆಯಲಿಲ್ಲ.

ಪುಟ್ಟಗೌರಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದರು. "ಅವತ್ತು ನಾನು ಜಗಲಿ ಮೇಲೇ ನಿಂತಿದ್ದೆ ಕಣಪ್ಪ," ಎಂದರು. ಅದು ಅವನಿಗೆ ಮಾತ್ರ ಕೇಳಿಸಿತು. ಆಮೇಲೆ ಕತ್ತು ತಿರುಗಿಸಿ ತಮ್ಮ ಮನೆಯ ಮುಂದಿನ ನೆಲವನ್ನು ನೋಡಿದರು. ಬೆಳಿಗ್ಗೆ ಹಾಕಿದ್ದ ರಂಗೋಲಿ ಅಲ್ಲಿ ಇನ್ನೂ ಅಳಿಸಿರಲಿಲ್ಲ.

"ಏನಮ್ಮ? ಜಾಗ ಇದೇ ತಾನೆ?" ಎಂದರು ಹರಿಪ್ರಸಾದ್. "ಇದಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಇದು ಫೈಲಿಗೆ ಹೋಗೋದು."

ಇಪ್ಪತ್ತೈದು ಜನ ಅವರ ಬಾಯನ್ನೇ ನೋಡುತ್ತಿದ್ದರು. ಚಿಕ್ಕಬಸಪ್ಪ ಒಬ್ಬ ಮಾತ್ರ ಗುಂಡಿ ನೋಡುತ್ತಿದ್ದ.

"ಇದೇ," ಎಂದರು ಪುಟ್ಟಗೌರಮ್ಮ. "ಎಲ್ಲಿ ಸೈನು?"

ಸ್ಕೂಟರಿನ ಸೀಟಿನ ಮೇಲೆ ಹಾಳೆಯಿಟ್ಟು ಬರೆದರು. ಮದುವೆಯಾದ ಮೇಲೆ ಗಂಡ ಕೈಹಿಡಿದು ತಿದ್ದಿಸಿದ ಅಕ್ಷರ. ಒಂದೊಂದೂ ನೆಟ್ಟಗೆ, ಗೆರೆ ಎಳೆಯದಿದ್ದರೂ ಗೆರೆಯ ಮೇಲೆ ಕೂತಿತ್ತು. ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟು, "ಬೇಗ ಮುಚ್ಸಿ ಬಿಡಿ," ಎಂದರು. "ಮುಂದಿನ ಸಲ ಹೊರೋದು ನನ್ನೇ. ಆಗ್ಲೂ ಭುಜ ಕೊಡೋನು ಇವ್ನೇ."

ಜನ ಒಮ್ಮೆಗೇ ನಕ್ಕರು. "ನೀವು ನೂರು ವರ್ಷ ಇರ್ತೀರಿ ಬುಡಿ ಗೌರಮ್ಮಾರೆ," ಎಂದರು ವಿಶಾಲಮ್ಮ. ಪುಟ್ಟಗೌರಮ್ಮ ಆಗಲೇ ಮನೆಯ ಕಡೆಗೆ ತಿರುಗಿದ್ದರು. ಅವರ ಹೆಸರಿನ ಕೆಳಗೆ ಚಿಕ್ಕಬಸಪ್ಪ ತನ್ನ ಹೆಸರು ಬರೆದ. ಅದು ಇಳಿಜಾರಾಗಿ ಹಾಳೆಯ ಮೂಲೆಗೆ ಹೋಗಿ ನಿಂತಿತು.

ಹನ್ನೆರಡನೇ ದಿನಕ್ಕೆ ಗುಂಡಿ ಮುಚ್ಚಿತು. ರೋಲರ್ ಬರಲಿಲ್ಲ. ಇಬ್ಬರು ಆಳುಗಳು ಕಬ್ಬಿಣದ ದಮ್ಮಸ್ಸಿನಿಂದ ಕುಟ್ಟಿ, ಬಿಸಿ ಡಾಂಬರು ಸುರಿದು, ಮೇಲೆ ಮರಳು ಎರಚಿ ಹೋದರು. ಮಿಲ್ಲಿನ ಬಾಗಿಲಲ್ಲಿ ಕಪ್ಪಗೆ ಉಬ್ಬಿದ ಒಂದು ತೇಪೆ ಎದ್ದಿತು. ಆಮೇಲೂ ಬಹಳ ದಿನ ಜನ, ಸೈಕಲ್ಲು, ಎಮ್ಮೆ, ಎಲ್ಲರೂ ಹಳೆಯ ಅಭ್ಯಾಸದಂತೆ ಅದನ್ನು ಸುತ್ತಿ ಬಳಸಿಕೊಂಡೇ ಹೋಗುತ್ತಿದ್ದರು.

ಚಿಕ್ಕಯ್ಯನಛತ್ರದ ಕಡೆಯಿಂದ ರಾಗಿ ತಂದಿದ್ದ ಒಬ್ಬ ಗಿರಾಕಿ, "ಅಣ್ಣೋ, ಮೇಷ್ಟ್ರು ಏನೋ ಅಂದ್ರಂತಲ್ಲ, ಅದೇಳಣ್ಣ," ಎಂದು ಕೇಳಿದ.

"ಬೆಲ್ಟು ಜಾರ್ತಾದೆ, ತಡಿ," ಎಂದು ಚಿಕ್ಕಬಸಪ್ಪ ಒಳಗೆ ಹೋದ. ಬೆಲ್ಟು ಸರಿಯಾಗಿಯೇ ಇತ್ತು.

ಸಂಜೆ ಮಿಲ್ಲಿಗೆ ಬೀಗ ಹಾಕಿ ಅವನು ಮನೆಗೆ ಹೊರಟ. ಹೊಸ ತೇಪೆಯನ್ನು ಸರಾಗ ತುಳಿದುಕೊಂಡೇ ದಾಟಿದ. ಹದಿನೈದು ಹೆಜ್ಜೆ ಆದಮೇಲೆ, ಮೇಷ್ಟ್ರ ಮನೆಯ ಮುಂದೆ, ಅವನ ನಡಿಗೆ ನಿಧಾನವಾಯಿತು. ಅಲ್ಲಿ ಒಂದು ಕಲ್ಲೂ ಎದ್ದಿರಲಿಲ್ಲ. ಅವನು ನೆಲ ನೋಡಿಕೊಂಡು, ಒಂದು ಕಾಲು ಊರಿ ಗಟ್ಟಿಯಾದ ಮೇಲೆ ಇನ್ನೊಂದು ಕಾಲು ಎತ್ತುತ್ತಾ, ಬಲಭುಜ ಒಂದಿಷ್ಟೂ ಇಳಿಯದ ಹಾಗೆ ನಡೆದ.

ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಪುಟ್ಟಗೌರಮ್ಮನ ಕೈ ನಿಂತಿತು. ಅವನು ಮನೆ ದಾಟಿದ ಮೇಲೆ ಮತ್ತೆ ಆಡತೊಡಗಿತು.